ಜಾಲರಿಯೋ, ಗಾಜೋ? ಬಳ್ಳಾರಿ ಬಿಸಿಲಿಗೆ ಕಂಪ್ಯೂಟರ್ ಕ್ಯಾಬಿನೆಟ್ ಆರಿಸುವ ಬಗೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಕ್ಕನ ಮಗ ಬೆವರು ಒರೆಸಿಕೊಳ್ಳುತ್ತಾ ಬಂದು ಫೋನನ್ನು ನನ್ನ ಮುಖದ ಮುಂದೆ ಹಿಡಿದ. "ಮಾಮ, ಯಾವುದು ತಗೊಳ್ಳಲಿ ಹೇಳು. ಇವತ್ತೇ ಆರ್ಡರ್ ಹಾಕಬೇಕು." ಪರದೆಯ ಮೇಲೆ ಎರಡು ಕ್ಯಾಬಿನೆಟ್. ಒಂದು ಕೋರ್ಸೇರ್ 4000ಡಿ ಏರ್‌ಫ್ಲೋ, ಮುಂಭಾಗಕ್ಕೆ ಪೂರ್ತಿ ಕಬ್ಬಿಣದ ಜಾಲರಿ ಇದ್ದದ್ದು. ಇನ್ನೊಂದು ಲಿಯಾನ್ ಲಿ ಓ11 ಡೈನಮಿಕ್, ಮುಂದೆಯೂ ಗಾಜು, ಪಕ್ಕಕ್ಕೂ ಗಾಜು, ಮೀನಿನ ತೊಟ್ಟಿಯ ಹಾಗೆ. ಅವನ ಮನಸ್ಸು ಯಾವುದರ ಮೇಲಿದೆ ಅಂತ ಕೇಳುವ ಅಗತ್ಯವೇ ಇರಲಿಲ್ಲ.

ಅವನು ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾನೆ, ರಾತ್ರಿ ಗೇಮ್ ಆಡುತ್ತಾನೆ. ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಕೆಳಗೆ ಜೀನ್ಸ್ ಹೊಲಿಯುವ ಮಷಿನ್‌ಗಳು, ಮೇಲಿನ ಕೋಣೆಯಲ್ಲಿ ಇವನ ಕಂಪ್ಯೂಟರು. ಎ.ಸಿ. ಇಲ್ಲ. ಉತ್ತರದ ಅರ್ಧ ಭಾಗ ಈ ನಾಲ್ಕು ವಾಕ್ಯಗಳಲ್ಲೇ ಇದೆ. ಉಳಿದ ಅರ್ಧಕ್ಕೆ ಟೇಪು, ಪೆನ್ನು, ಒಂದು ಹಾಳೆ ಬೇಕು.

ಒಂದು ಮಾತು ಮೊದಲೇ. ನಮ್ಮ ಕಡೆ ಇಡೀ ಡಬ್ಬಿಗೇ 'ಸಿಪಿಯು' ಅನ್ನುತ್ತಾರೆ. ಅಂಗಡಿಗೆ ಹೋಗಿ "ಖಾಲಿ ಸಿಪಿಯು ಕೊಡಿ" ಅಂದರೂ ನಡೆಯುತ್ತದೆ, ನಗುವುದಿಲ್ಲ. ಆದರೆ ಸಿಪಿಯು ಅಂದರೆ ಒಳಗಿನ ಪ್ರೊಸೆಸರ್. ಹೊರಗಿನ ಡಬ್ಬಿ ಕ್ಯಾಬಿನೆಟ್. ಇಲ್ಲಿ ಹಾಗೇ ಬಳಸುತ್ತೇನೆ.

ಹೆಜ್ಜೆ 1: ಕ್ಯಾಬಿನೆಟ್ ಬದಿಗಿಡಿ, ಒಳಗೆ ಹೋಗುವುದನ್ನು ಬರೆಯಿರಿ

ಚಪ್ಪಲಿ ಕೊಂಡ ಮೇಲೆ ಕಾಲು ಅಳೆಯುವವರಿಲ್ಲ. ಆದರೆ ಕ್ಯಾಬಿನೆಟ್ ವಿಷಯದಲ್ಲಿ ಹತ್ತರಲ್ಲಿ ಎಂಟು ಜನ ಮಾಡುವುದು ಅದನ್ನೇ. ಹಾಳೆಯ ಮೇಲೆ ನಾಲ್ಕು ಅಳತೆ ಬರೆದುಕೊಳ್ಳಿ: ಮದರ್‌ಬೋರ್ಡಿನ ಗಾತ್ರ, ಗ್ರಾಫಿಕ್ಸ್ ಕಾರ್ಡಿನ ಉದ್ದ, ಪ್ರೊಸೆಸರ್ ಕೂಲರಿನ (ಪ್ರೊಸೆಸರಿನ ಬಿಸಿ ತೆಗೆಯುವ ಸಾಧನ) ಎತ್ತರ, ಎಸ್‌ಎಂಪಿಎಸ್‌ನ (ಎಲ್ಲಕ್ಕೂ ಕರೆಂಟು ಹಂಚುವ ಪೆಟ್ಟಿಗೆ) ಉದ್ದ.

ಮದರ್‌ಬೋರ್ಡ್ ಸುಲಭ. ಎಟಿಎಕ್ಸ್ ಅಂದರೆ 305 × 244 ಮಿ.ಮೀ., ಮೈಕ್ರೋ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ನಮ್ಮ ಎರಡೂ ಕ್ಯಾಬಿನೆಟ್‌ಗಳಲ್ಲಿ ಎಟಿಎಕ್ಸ್ ಕೂರುತ್ತದೆ, ಆದ್ದರಿಂದ ಇಲ್ಲಿ ಜಗಳವಿಲ್ಲ.

ಗ್ರಾಫಿಕ್ಸ್ ಕಾರ್ಡಿಗೆ 4000ಡಿ ಕೊಡುವ ಜಾಗ 360 ಮಿ.ಮೀ., ಓ11 ಡೈನಮಿಕ್ ಕೊಡುವುದು 420. ಮೂರು ಫ್ಯಾನಿನ ಕಾರ್ಡುಗಳು ಬಹಳಷ್ಟು 300ರಿಂದ 340ರ ಒಳಗೆ ಬರುತ್ತವೆ. ಎರಡರಲ್ಲೂ ಹಿಡಿಸುತ್ತದೆ ಅಂತ ಸಮಾಧಾನ ಪಡಬೇಡಿ. ಜಾಲರಿಯ ಕ್ಯಾಬಿನೆಟ್‌ನಲ್ಲಿ ಮುಂದೆ ವಾಟರ್ ಕೂಲರಿನ (ನೀರು ಹರಿಸಿ ಪ್ರೊಸೆಸರ್ ತಂಪಾಗಿಸುವುದು) ಬಿಸಿ ಹೊರಬಿಡುವ ರೇಡಿಯೇಟರ್ ಹಾಕಿದರೆ ಅದರ ದಪ್ಪ ಸುಮಾರು 27 ಮಿ.ಮೀ., ಫ್ಯಾನಿನದು 25. ಇವು ಕಾರ್ಡಿನ ಜಾಗವನ್ನೇ ತಿನ್ನುತ್ತವೆ. ಕ್ಯಾಬಿನೆಟ್‌ನ ಡಬ್ಬದ ಮೇಲೆ ಕಾರ್ಡಿಗೆ ಅಂತ ಬರೆದ ಜಾಗದಿಂದ ಒಂದು 55 ಮಿ.ಮೀ. ಕಳೆದು ನೋಡುವುದು ನನ್ನ ರೂಢಿ. ಕಳೆದ ಮೇಲೂ ಕಾರ್ಡು ಹಿಡಿಸಿದರೆ ನಿಶ್ಚಿಂತೆ.

ಜನ ಎಡವುವುದು ಕೂಲರಿನ ಎತ್ತರದಲ್ಲಿ. 4000ಡಿಯಲ್ಲಿ 170 ಮಿ.ಮೀ. ತನಕ ಹಾಕಬಹುದು. ಓ11 ಡೈನಮಿಕ್‌ನಲ್ಲಿ 155 ಅಷ್ಟೇ. ಡೀಪ್‌ಕೂಲ್ ಎಕೆ400 ಸರಿಯಾಗಿ 155, ಎಕೆ620 160, ನಾಕ್ಟುವಾ ಎನ್‌ಎಚ್-ಡಿ15 165. ಅಂದರೆ ಮೊದಲನೆಯದು ಗಾಜಿಗೆ ಮೂಗು ತಾಗಿಸಿ ಕೂರುತ್ತದೆ, ಉಳಿದೆರಡು ಕೂರುವುದೇ ಇಲ್ಲ. ಇವನ ಪಟ್ಟಿಯಲ್ಲಿದ್ದದ್ದು ಎಕೆ620. ಗಾಜಿನ ಕ್ಯಾಬಿನೆಟ್ ತಗೊಂಡರೆ ಒಂದೋ ಕೂಲರ್ ಬದಲಿಸಬೇಕು, ಇಲ್ಲ ವಾಟರ್ ಕೂಲರಿಗೆ ಹೋಗಬೇಕು. ಮುಖ ಸ್ವಲ್ಪ ಬಾಡಿತು.

ಹೆಸರಿನ ಬಾಲವನ್ನೂ ಓದಿ. ಓ11 ಡೈನಮಿಕ್ ಬಂದದ್ದು 2018ರಲ್ಲಿ, 4000ಡಿ 2020ರಲ್ಲಿ. ಆಮೇಲೆ ಅದೇ ಹೆಸರಿಗೆ ಬಾಲ ಕಟ್ಟಿಕೊಂಡು ಬೇರೆ ಮಾದರಿಗಳು ಬಂದಿವೆ. ಓ11 ಡೈನಮಿಕ್ ಇವೊದಲ್ಲಿ ಕೂಲರಿಗೆ 167 ಮಿ.ಮೀ. ಜಾಗ ಇದೆ. ಹೆಸರಿನ ಕೊನೆಯ ಒಂದು ಪದದಲ್ಲಿ 12 ಮಿ.ಮೀ. ವ್ಯತ್ಯಾಸ. ಅಂಗಡಿಯವನು "ಅದೇ ಸಾರ್, ಸೇಮ್" ಅಂದರೆ ನಂಬದೆ, ಡಬ್ಬದ ಮೇಲಿನ ಪೂರ್ತಿ ಹೆಸರನ್ನು ಕಂಪನಿಯ ಅಳತೆಪಟ್ಟಿಯ ಜೊತೆ ಹೋಲಿಸಿ.

ಹೆಜ್ಜೆ 2: ವಿಡಿಯೊದಲ್ಲಿ ಹೇಳಿದ ತಾಪಮಾನಕ್ಕೆ ನಮ್ಮೂರ ಬೇಸಿಗೆ ಕೂಡಿಸಿ

ಯೂಟ್ಯೂಬಿನ ಪರೀಕ್ಷೆಗಳನ್ನು ಹುಡುಗ ಬಾಯಿಪಾಠ ಮಾಡಿದ್ದ. "ಇದ್ರಲ್ಲಿ ಪ್ರೊಸೆಸರ್ ಬರೀ 72 ಡಿಗ್ರಿ ಮಾಮ." ಆ ಪರೀಕ್ಷೆ ಮಾಡಿದ ಕೋಣೆ ಎಷ್ಟು ಡಿಗ್ರಿ ಇತ್ತು ಅಂದೆ. ಗೊತ್ತಿರಲಿಲ್ಲ. ಮತ್ತೆ ಹಾಕಿ ನೋಡಿದೆವು, 22.

ಕ್ಯಾಬಿನೆಟ್ ಆಗಲಿ ಕೂಲರ್ ಆಗಲಿ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊರಗಿನ ಗಾಳಿಗೆ ದಾಟಿಸುತ್ತವೆ, ಅಷ್ಟೆ. ಹೊರಗಿನ ಗಾಳಿ ಎಷ್ಟು ಡಿಗ್ರಿ ಏರಿತೋ ಒಳಗಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬಳ್ಳಾರಿ, ರಾಯಚೂರಿನ ಏಪ್ರಿಲ್ ಮೇನಲ್ಲಿ ಹೊರಗೆ 40 ದಾಟುವುದು ಹೊಸದೇನಲ್ಲ. ಮೇಲ್ಮಹಡಿಯ ಕೋಣೆ ಮಧ್ಯಾಹ್ನ 38 ಅಂತ ಇಟ್ಟುಕೊಳ್ಳಿ. 38ರಲ್ಲಿ 22 ಕಳೆದರೆ 16. ವಿಡಿಯೊದ 72ಕ್ಕೆ 16 ಕೂಡಿಸಿ: 88. ಇವನು ಆರಿಸಿದ ರೈಜೆನ್ 7 5700ಎಕ್ಸ್ ಪ್ರೊಸೆಸರಿಗೆ ಎಎಂಡಿ ಹೇಳುವ ಗರಿಷ್ಠ ಮಿತಿ 90. ಮಿತಿ ಮುಟ್ಟಿದರೆ ಅದು ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮದುವೆ ವಿಡಿಯೊ ಎಕ್ಸ್‌ಪೋರ್ಟ್ ಆಗುವಾಗ ಕಾಯುವ ಹೊತ್ತು ಲಂಬಿಸುತ್ತದೆ.

ಒಳಗೆ ಎಷ್ಟು ಬಿಸಿ ಹುಟ್ಟುತ್ತದೆ ಅಂತಲೂ ಲೆಕ್ಕ ಹಾಕಿ. 5700ಎಕ್ಸ್ ಪೂರ್ತಿ ದುಡಿದಾಗ ಸುಮಾರು 76 ವ್ಯಾಟ್, ಆರ್‌ಟಿಎಕ್ಸ್ 4070 ಕಾರ್ಡ್ 200 ವ್ಯಾಟ್. ಹಳೇ ಕಾಲದ ನೂರು ವ್ಯಾಟಿನ ಬಲ್ಬು ನೆನಪಿದೆಯೇ, ಕೈ ಹತ್ತಿರ ತಂದರೆ ಬಿಸಿ ಹೊಡೆಯುತ್ತಿದ್ದದ್ದು? ಅಂಥ ಮೂರು ಬಲ್ಬು ಹಚ್ಚಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ ಹಾಗೆ.

ಹೆಜ್ಜೆ 3: ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ

4000ಡಿ ಏರ್‌ಫ್ಲೋದಲ್ಲಿ ದಾರಿ ನೇರ. ಮುಂದಿನ ಜಾಲರಿಯಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ಡಬ್ಬಿಯ ಜೊತೆಗೆ 120 ಮಿ.ಮೀ.ನ ಎರಡು ಫ್ಯಾನ್ ಬರುತ್ತವೆ, ಮುಂದೊಂದು, ಹಿಂದೊಂದು. ಮುಂದೆ ಇನ್ನೆರಡು ಸೇರಿಸಿದರೆ ಮೂರು ಒಳಗೆಳೆಯುತ್ತವೆ, ಒಂದು ಹೊರದಬ್ಬುತ್ತದೆ. ನಮ್ಮ ಕಡೆಗೆ ಇದಕ್ಕಿಂತ ಒಳ್ಳೆ ಜೋಡಣೆ ಕಂಡಿಲ್ಲ. ಕಾರಣ ಮುಂದಿನ ಹೆಜ್ಜೆಯಲ್ಲಿ.

ಓ11 ಡೈನಮಿಕ್‌ನಲ್ಲಿ ಮುಂದೆ ಗಾಜು, ಅಲ್ಲಿಂದ ಗಾಳಿ ಬರುವ ಹಾಗಿಲ್ಲ. ಪಕ್ಕದಲ್ಲಿ ಮೂರು, ತಳದಲ್ಲಿ ಮೂರು, ಮೇಲೆ ಮೂರು, ಒಟ್ಟು ಒಂಬತ್ತು ಫ್ಯಾನಿಗೆ ಜಾಗ. ಹಿಂದೆ ಫ್ಯಾನ್ ಜಾಗವೇ ಇಲ್ಲ. ಒಂದೂ ಫ್ಯಾನ್ ಡಬ್ಬಿಯ ಜೊತೆ ಬರುವುದೂ ಇಲ್ಲ. ಹಾಗಂತ ಅದು ಕೆಟ್ಟ ವಿನ್ಯಾಸ ಅನ್ನಲಾರೆ. ತಳದ ಮೂರು ಫ್ಯಾನ್‌ಗಳು ತಂಪು ಗಾಳಿಯನ್ನು ನೇರ ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಗೆ ಊದುತ್ತವೆ. ಆ ಒಂದು ವಿಷಯದಲ್ಲಿ ಅದು ಜಾಲರಿಯದಕ್ಕಿಂತ ಮೇಲು. ಆದರೆ ಅದರ ಪೂರ್ತಿ ಗುಣ ಕಾಣಬೇಕಾದರೆ ಕನಿಷ್ಠ ಆರು ಫ್ಯಾನ್ ಕೊಳ್ಳಲೇಬೇಕು.

ಆದ್ದರಿಂದ ಬೆಲೆ ಹೋಲಿಸುವಾಗ ಡಬ್ಬಿಯ ಬೆಲೆ ಮಾತ್ರ ಎದುರುಬದುರು ಇಡಬೇಡಿ. ಒಂದರ ಮುಂದೆ "ಡಬ್ಬಿ ಮತ್ತು ಇನ್ನೆರಡು ಫ್ಯಾನ್", ಇನ್ನೊಂದರ ಮುಂದೆ "ಡಬ್ಬಿ, ಆರು ಫ್ಯಾನ್, ಹಬ್, ವಾಟರ್ ಕೂಲರ್" ಅಂತ ಬರೆದು ಕೂಡಿಸಿ. ಮದರ್‌ಬೋರ್ಡಿನ ಒಂದು ಫ್ಯಾನ್ ಹೆಡರ್, ಅಂದರೆ ಫ್ಯಾನಿನ ವೈರು ಚುಚ್ಚುವ ಜಾಗ, ಸಾಮಾನ್ಯವಾಗಿ 1 ಆಂಪಿಯರ್ ತಡೆಯುತ್ತದೆ. ಫ್ಯಾನಿನ ಬೆನ್ನ ಮೇಲೆ ಎಷ್ಟು ಆಂಪಿಯರ್ ಅಂತ ಅಚ್ಚಾಗಿರುತ್ತದೆ. ಮೂರರದ್ದು ಕೂಡಿಸಿ 1ರೊಳಗೆ ಬಂದರೆ ಒಂದನ್ನು ಮೂರಾಗಿ ಕವಲೊಡೆಸುವ ವೈ ಕೇಬಲ್ ಸಾಕು, ಮೀರಿದರೆ ಎಸ್‌ಎಂಪಿಎಸ್‌ನಿಂದಲೇ ಕರೆಂಟು ತಗೊಳ್ಳುವ ಹಬ್ ಬೇಕು. ಕೂಡಿಸಿ ಮುಗಿಸಿದಾಗ ಹುಡುಗನ ಹಾಳೆಯಲ್ಲಿ ಗಾಜಿನದ್ದರ ಮೊತ್ತ ಜಾಲರಿಯದ್ದರ ಎರಡರಷ್ಟನ್ನೂ ದಾಟಿತ್ತು. ಅವನು ಪೆನ್ನು ಇಟ್ಟು ನೀರು ಕುಡಿಯೋಕೆ ಎದ್ದ.

ಹೆಜ್ಜೆ 4: ದೂಳು

ನಿಜವಾದ ಪರೀಕ್ಷೆ ಇದು. ಬೇರೆ ಊರಿನವರು ಬರೆದ ಮಾರ್ಗದರ್ಶಿಗಳಲ್ಲಿ ಇದಕ್ಕೆ ಎರಡು ಸಾಲು ಕೊಟ್ಟಿರುತ್ತಾರೆ.

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ದೂಳಿಗೂ ಊರಿನ ಗುರುತಿದೆ. ಸಂಡೂರು, ತೋರಣಗಲ್ಲು ಕಡೆಯಿಂದ ಬಂದ ಕಂಪ್ಯೂಟರ್ ಬಿಚ್ಚಿದರೆ ಕೆಂಪು, ಅದಿರಿನ ಕೆಂಪು. ಗಿಣಿಗೇರಾದ ಕಬ್ಬಿಣದ ಕಾರ್ಖಾನೆಗಳ ಕಡೆಯದು ಕಪ್ಪು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಕಡೆಯದು ಬೂದಿ ಬಣ್ಣ, ಹಿಟ್ಟಿನ ಹಾಗೆ ನುಣ್ಣಗೆ. ಗಂಗಾವತಿಯ ರೈಸ್‌ಮಿಲ್ಲಿನ ಪಕ್ಕದ ಆಫೀಸಿನದ್ದು ಬಿಚ್ಚಿದಾಗ ಹೊಟ್ಟಿನ ಪುಡಿ ಹೀಟ್‌ಸಿಂಕಿನ (ಬಿಸಿ ಹೀರುವ ಲೋಹದ ಪದರಗಳು) ಸಂದಿಯಲ್ಲಿ ಗೂಡು ಕಟ್ಟಿತ್ತು. ಇವನ ಮನೆಯದ್ದು ನೀಲಿ. ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ ಬಿಚ್ಚಿದ್ದೆ ಹೋದ ವರ್ಷ. ಫ್ಯಾನಿನ ರೆಕ್ಕೆಯ ಅಂಚಿಗೆ ಜೀನ್ಸಿನ ನೀಲಿ ನಾರು ಬೆಕ್ಕಿನ ಮೀಸೆಯ ಹಾಗೆ ನೇತಾಡುತ್ತಿತ್ತು, ಅದರ ಮೇಲೆ ರಸ್ತೆಯ ಕೆಂಪು ಮಣ್ಣು ಕೂತು ಗಟ್ಟಿಯಾಗಿತ್ತು. ಚಿಮುಟದಲ್ಲಿ ಎಳೆದರೆ ಉಣ್ಣೆಯ ಪಟ್ಟಿಯಂತೆ ಒಂದೇ ತುಂಡಾಗಿ ಬಂತು.

ದೂಳು ತಡೆಯುವ ಉಪಾಯ ಸರಳ. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಹೆಚ್ಚಿರಬೇಕು, ಒಳಗೆ ಬರುವುದೆಲ್ಲ ಫಿಲ್ಟರ್ ಮೂಲಕವೇ ಬರಬೇಕು. ಆಗ ಸಣ್ಣಪುಟ್ಟ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ನುಗ್ಗುವುದಿಲ್ಲ. ಮೂರು ಒಳಗೆ, ಒಂದು ಹೊರಗೆ ಅಂದದ್ದು ಇದಕ್ಕೇ.

ಸರಿಯಾಗಿದೆಯೇ ಅಂತ ನೋಡಲು ಊದುಬತ್ತಿ ಸಾಕು. ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕಂಪ್ಯೂಟರ್ ಚಾಲೂ ಮಾಡಿ, ಹೊತ್ತಿಸಿದ ಊದುಬತ್ತಿಯನ್ನು ಕ್ಯಾಬಿನೆಟ್‌ನ ಪ್ರತಿ ಸಂದಿಯ ಹತ್ತಿರ ನಿಧಾನಕ್ಕೆ ಒಯ್ಯಿರಿ: ಹಿಂದಿನ ಸ್ಲಾಟುಗಳು, ಗಾಜಿನ ಅಂಚು, ಯುಎಸ್‌ಬಿ ತೂತು. ಹೊಗೆ ಹೊರಕ್ಕೆ ಬಾಗಿದರೆ ಸರಿ. ಒಳಕ್ಕೆ ಸೆಳೆದರೆ ಅದು ಫಿಲ್ಟರ್ ಇಲ್ಲದ ಬಾಗಿಲು, ದೂಳು ಅಲ್ಲಿಂದಲೇ ಬರುತ್ತದೆ. ಹೊರಹಾಕುವ ಫ್ಯಾನಿನ ವೇಗ ಬಯಾಸ್‌ನಲ್ಲಿ (ಕಂಪ್ಯೂಟರ್ ಚಾಲೂ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಸ್ವಲ್ಪ ಇಳಿಸಿ ಮತ್ತೆ ನೋಡಿ. ಬೂದಿ ಒಳಗೆ ಬೀಳದ ಹಾಗೆ ಕೈ ಬದಿಗಿರಲಿ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಯೂ ಉಂಟು. ಮುಂದಿನ ಜಾಲರಿ, ಫಿಲ್ಟರ್ ಎರಡನ್ನೂ ಸೇರಿಸಿ ಹಿಡಿದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಬೆಳಕು ಚೆನ್ನಾಗಿ ಬಂದರೆ ಗಾಳಿಯೂ ಬರುತ್ತದೆ. ಮಸುಕಾಗಿ ಬಂದರೆ ಫ್ಯಾನು ಹೆಣಗಬೇಕು. ಆಮೇಲೆ ಅಂಗಡಿಯವನಿಗೆ ಹೇಳಿ ಎಲ್ಲ ಫಿಲ್ಟರ್‌ಗಳನ್ನೂ ನೀವೇ ತೆಗೆದು ಹಾಕಿ. ಒಂದು ಕೈಯಲ್ಲಿ ಬರುತ್ತದೆಯೇ? ತಳದ ಫಿಲ್ಟರ್ ತೆಗೆಯಲು ಡಬ್ಬಿ ಎತ್ತಬೇಕೇ? ಹಿಂದಿನಿಂದ ಎಳೆಯಬೇಕಾದರೆ ಗೋಡೆಗೆ ಇಟ್ಟ ಮೇಲೆ ಕೈ ಹೋಗುತ್ತದೆಯೇ? ತೆಗೆಯಲು ಕಷ್ಟವಾದ ಫಿಲ್ಟರನ್ನು ಯಾರೂ ತೊಳೆಯುವುದಿಲ್ಲ. ನಾನೂ ತೊಳೆಯುವುದಿಲ್ಲ.

ತಳದಿಂದ ಗಾಳಿ ಎಳೆಯುವ ಗಾಜಿನ ಕ್ಯಾಬಿನೆಟ್ ನೆಲದ ಮೇಲಿದ್ದರೆ ಕಸ ಗುಡಿಸಿದಾಗ ಏಳುವುದೆಲ್ಲ ಅದರ ಪಾಲು. ಅದನ್ನು ತಗೊಂಡರೆ ಮೇಜಿನ ಮೇಲೇ ಇಡಬೇಕು.

ಹೆಜ್ಜೆ 5: ಇಡುವ ಜಾಗ ಅಳೆಯಿರಿ

4000ಡಿ ಅಗಲ 230 ಮಿ.ಮೀ., ಎತ್ತರ 466, ಉದ್ದ 453. ಓ11 ಡೈನಮಿಕ್ ಅಗಲ 272, ಎತ್ತರ 446, ಉದ್ದ 445. ಬಡಗಿಯ ಭಾಷೆಗೆ ತಂದರೆ ಒಂದು ಒಂಬತ್ತಿಂಚು ಅಗಲ, ಇನ್ನೊಂದು ಹತ್ತೂಮುಕ್ಕಾಲು. ಇವನ ಮೇಜಿನಲ್ಲಿ ಸಿಪಿಯು ಇಡಲು ಬಡಗಿ ಬಿಟ್ಟಿದ್ದ ಗೂಡು ಸರಿಯಾಗಿ ಹತ್ತಿಂಚು.

ಒಂಬತ್ತಿಂಚಿನದ್ದು ಹತ್ತಿಂಚಿನ ಗೂಡಿನಲ್ಲಿ ಹಿಡಿಸಿತು ಅಂದರೂ ಅಲ್ಲಿಡುವುದು ಬೇಡ. ಮೂರು ಕಡೆ ಹಲಗೆ ಇದ್ದರೆ ಹೊರಬಂದ ಬಿಸಿ ಗಾಳಿಯೇ ಸುತ್ತು ಹೊಡೆದು ಮುಂದಿನಿಂದ ಮತ್ತೆ ಒಳಗೆ ಹೋಗುತ್ತದೆ. ಗೂಡಿನ ಹಿಂದಿನ ಹಲಗೆ ತೆಗೆಸಿ, ಇಲ್ಲವೇ ಹೊರಗಿಡಿ. ಹಿಂದೆ ಗೋಡೆಗೂ ಕ್ಯಾಬಿನೆಟ್‌ಗೂ ನಾಲ್ಕೈದು ಇಂಚು ಬಿಡಿ.

ಹೆಜ್ಜೆ 6: ವೈರು, ಬಾಯಿ, ಗಾಜು

ವೈರಿನ ವಿಷಯಕ್ಕೆ ಬಂದರೆ ಗಾಜಿನ ಕ್ಯಾಬಿನೆಟ್‌ಗೆ ಪೂರ್ತಿ ಅಂಕ. ಎಸ್‌ಎಂಪಿಎಸ್ಸು, ಹಾರ್ಡ್ ಡಿಸ್ಕು ಎಲ್ಲ ಮದರ್‌ಬೋರ್ಡಿನ ಬೆನ್ನಿಗೆ ಪ್ರತ್ಯೇಕ ಕೋಣೆಯಲ್ಲಿ. ಹಗ್ಗದಂಥ ವೈರುಗಳನ್ನು ತುರುಕಿ ಬಾಗಿಲು ಹಾಕಿದರೆ ಯಾರಿಗೂ ಕಾಣದು. 4000ಡಿಯಲ್ಲಿ ಬೆನ್ನ ಹಿಂದೆ ಸುಮಾರು ಒಂದಿಂಚು ಜಾಗ. ಸಾಕು, ಆದರೆ ತಾಳ್ಮೆಯಿಂದ ಕಟ್ಟಬೇಕು.

ಮುಂದಿನ ಟೈಪ್-ಸಿ ಬಾಯಿ ಎರಡರಲ್ಲೂ ಇದೆ. ಅದು ಕೆಲಸ ಮಾಡಬೇಕಾದರೆ ಮದರ್‌ಬೋರ್ಡಿನಲ್ಲಿ ಅದಕ್ಕೆಂದೇ ಚಿಕ್ಕ ಹೆಡರ್ ಇರಬೇಕು. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಇರುವುದಿಲ್ಲ, ಆಗ ಅದು ಬರೀ ತೂತು. ಬೋರ್ಡಿನ ಚಿತ್ರ ದೊಡ್ಡದು ಮಾಡಿ ನೋಡಿ.

ಗಾಜಿನದ್ದು ನನ್ನದೇ ಪೆದ್ದುತನದ ಕತೆ. ಪಕ್ಕದ ಗಾಜು ಬಿಚ್ಚಿ ಗೋಡೆಗೆ ಒರಗಿಸಿ ಟೈಲ್ಸ್ ಮೇಲೆ ನಿಲ್ಲಿಸಿದೆ. ಎಷ್ಟು ಮೆಲ್ಲಗೆ ಅಂದರೆ ಸದ್ದೂ ಆಗಲಿಲ್ಲ. ಮೂಲೆ ನೆಲಕ್ಕೆ ತಾಗಿದ್ದೇ ತಡ, ಪಟಾಕಿಯ ಹಾಗೆ ಸಿಡಿದು ಇಡೀ ಗಾಜು ಕಲ್ಲುಸಕ್ಕರೆಯಾಯಿತು. ಟೆಂಪರ್ಡ್ ಗಾಜಿನ ನಡುವೆ ಗುದ್ದಿದರೂ ತಡೆಯುತ್ತದೆ, ಅಂಚಿಗೆ ಸೆರಾಮಿಕ್ ಟೈಲ್ಸಿನಂಥ ಗಟ್ಟಿ ವಸ್ತು ತಾಗಿದರೆ ತಡೆಯುವುದಿಲ್ಲ. ಈಗ ಬಿಚ್ಚುವ ಮೊದಲೇ ಜಮಖಾನ ಹಾಸಿ, ಗಾಜನ್ನು ಮಂಚದ ಮೇಲೆ ಮಲಗಿಸಿಯೇ ಮುಂದಿನ ಕೆಲಸ. 4000ಡಿಯಲ್ಲಿ ಇಂಥ ಗಾಜು ಒಂದು, ಓ11ನಲ್ಲಿ ಎರಡು.

ಹೆಜ್ಜೆ 7: ತರಿಸುವಾಗ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡು ಬಸ್ ಪಾರ್ಸಲ್‌ಗೆ ಹಾಕಿಸುವವರು ನಮ್ಮಲ್ಲಿ ಹೆಚ್ಚು. ರಾತ್ರಿ ಹಾಕಿದ್ದು ಬೆಳಿಗ್ಗೆ ಸಿಗುತ್ತದೆ, ಆದರೆ ರಾತ್ರಿಯಿಡೀ ಅದರ ಮೇಲೆ ಏನೇನು ಕೂತಿತ್ತೋ ದೇವರಿಗೇ ಗೊತ್ತು. ಪಾರ್ಸಲ್ ಆಫೀಸಿನಲ್ಲೇ ನಿಂತು ಬಿಚ್ಚಿ, ಬಿಚ್ಚುವುದರಿಂದ ಹಿಡಿದು ವಿಡಿಯೊ ಮಾಡಿಸಿ. ಡಬ್ಬ ಅಲ್ಲಾಡಿಸಿದಾಗ ಚಿಲಿಚಿಲಿ ಸದ್ದು ಬಂದರೆ ಗಾಜು ಹೋಗಿದೆ. ಗಾಜು ಸರಿಯಿದ್ದರೆ ಕ್ಯಾಬಿನೆಟ್ಟನ್ನು ಸಮ ನೆಲದ ಮೇಲಿಟ್ಟು ಮೇಲಿನ ಮೂಲೆಗಳನ್ನು ಒಂದೊಂದಾಗಿ ಒತ್ತಿ. ಕುಂಟಿದರೆ ಚೌಕಟ್ಟು ಸೊಟ್ಟಗಾಗಿದೆ ಅಂತ ಅರ್ಥ. ಸೊಟ್ಟ ಚೌಕಟ್ಟಿಗೆ ಮದರ್‌ಬೋರ್ಡ್ ಬಿಗಿದರೆ ಅದೂ ಬಾಗುತ್ತದೆ. ಕೊನೆಗೆ ಸ್ಕ್ರೂ ಪೊಟ್ಟಣ. ಅದಿಲ್ಲದೆ ಮನೆಗೆ ಬಂದು ಕೂತರೆ ಎಲ್ಲ ಇದ್ದೂ ಏನೂ ಇಲ್ಲ.

ಹಾಗಾದರೆ ಯಾವುದು?

ಕೋಣೆಗೆ ಎ.ಸಿ. ಇದೆ, ಬಾಗಿಲು ಮುಚ್ಚಿರುತ್ತದೆ, ಮೇಜಿನ ಮೇಲೆ ಇಡುತ್ತೀರಿ, ಆರೇಳು ಫ್ಯಾನಿಗೂ ವಾಟರ್ ಕೂಲರಿಗೂ ದುಡ್ಡು ತೆಗೆದಿಟ್ಟಿದ್ದೀರಿ: ಗಾಜಿನದ್ದನ್ನೇ ತಗೊಳ್ಳಿ. ನೋಡಲು ಚೆಂದ ಅನ್ನುವುದೂ ಕಾರಣವೇ, ಅದಕ್ಕೆ ನಾಚಿಕೊಳ್ಳಬೇಕಿಲ್ಲ. ಸ್ಟುಡಿಯೊಗೆ ಬಂದ ಗಿರಾಕಿ ಅದನ್ನು ನೋಡಿಯೇ ಎರಡು ಮಾತು ಹೆಚ್ಚು ಆಡುತ್ತಾನೆ.

ಎ.ಸಿ. ಇಲ್ಲ, ಕಿಟಕಿ ತೆರೆದಿರುತ್ತದೆ, ರಸ್ತೆಯೋ ಮಿಲ್ಲೋ ಮಷಿನ್ನೋ ಪಕ್ಕದಲ್ಲಿದೆ: ಜಾಲರಿ. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ. ಜಾಲರಿಯ ಕ್ಯಾಬಿನೆಟ್‌ಗೆ ದೂಳು ಹೆಚ್ಚು ಬರುತ್ತದಲ್ಲ ಅಂತ ಕೇಳುವವರಿದ್ದಾರೆ. ಬರುತ್ತದೆ, ಆದರೆ ಮುಂದಿನ ಫಿಲ್ಟರ್ ಮೇಲೆ, ಕಣ್ಣಿಗೆ ಕಾಣುವಲ್ಲಿ, ಕೈಗೆ ಸಿಗುವಲ್ಲಿ ಕೂರುತ್ತದೆ.

ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೆಗೆದು ಝಾಡಿಸಿ, ತಿಂಗಳಿಗೊಮ್ಮೆ ನಲ್ಲಿ ನೀರಿನಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಮೂರು ತಿಂಗಳಿಗೊಮ್ಮೆ ಪವರ್ ಕೇಬಲ್ ಕಿತ್ತು, ಹೊರಗೆ ಒಯ್ದು ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು. ಬಿಟ್ಟರೆ ಗಿರಗಿಟ್ಲೆಯ ಹಾಗೆ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಹುಡುಗ ಜಾಲರಿಯದ್ದನ್ನೇ ತರಿಸಿದ. ಎರಡು ದಿನ ಮುನಿಸಿಕೊಂಡೇ ಇದ್ದ, ಎಕೆ620 ಸಲೀಸಾಗಿ ಕೂತಾಗ ಸರಿಹೋದ. ಮೂರನೇ ವಾರ ಫೋನ್ ಬಂತು. ಮಾತಾಡಿದ್ದು ಅವನಲ್ಲ, ನಮ್ಮಕ್ಕ. ಇವನು ಬೆಳ್ಳಂಬೆಳಿಗ್ಗೆ ಫಿಲ್ಟರ್ ತೆಗೆದುಕೊಂಡು ಬಾಗಿಲಿಗೆ ಬಂದು ಝಾಡಿಸಿದ್ದಾನೆ, ಆಗಷ್ಟೇ ಹಾಕಿದ ರಂಗೋಲಿ ಮೇಲೆಲ್ಲ ನೀಲಿ ನಾರು. "ನೀನೇ ಹೇಳಿಕೊಟ್ಟಿದ್ದಂತೆ," ಅಂದಳು.